ತಂದೆಯ ಹೆಸರು ಕೇಳಿದ ಸಾಲು

ಅರ್ಜಿಯಲ್ಲಿ ಒಂದು ಕಾಲಮ್ಮಿನ ಪಕ್ಕ ಕೆಂಪು ಚುಕ್ಕೆ ಇಟ್ಟು ‘ಕಡ್ಡಾಯ’ ಎಂದು ಬರೆದದ್ದನ್ನು ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಯಾರಿಗೆ ಕಡ್ಡಾಯ, ಯಾವ ನಿಯಮದಲ್ಲಿ ಕಡ್ಡಾಯ ಎಂದು ಕೇಳಿ ನೋಡಿ. ಬಹಳ ಕಡೆ ಉತ್ತರ ಇರುವುದಿಲ್ಲ. ಇದನ್ನು ನಾನು ಧೈರ್ಯವಾಗಿ ಹೇಳುತ್ತೇನೆ, ಯಾಕೆಂದರೆ ಅಂಥ ಅರ್ಜಿಗಳನ್ನು ತಯಾರಿಸುವ ಕೋಣೆಯಲ್ಲಿ ನಾನೇ ಮೂರು ವರ್ಷ ಕೂತಿದ್ದೆ.

ಆ ಕೋಣೆ ಇದ್ದದ್ದು ಹುಮನಾಬಾದಿನಲ್ಲಿ, ಧಾನ್ಯದ ಮಾರುಕಟ್ಟೆಗೆ ಹೋಗುವ ರಸ್ತೆಯ ಮೇಲೆ, ಒಂದು ಗೊಬ್ಬರದಂಗಡಿಯ ಮಹಡಿಯಲ್ಲಿ. ಕೆಳಗಿನಿಂದ ಯೂರಿಯಾದ ವಾಸನೆ ಬರುತ್ತಿತ್ತು. ಗಾಳಿ ತಿರುಗಿದ ದಿನ ಕಾರ್ಖಾನೆಗಳ ಕಡೆಯಿಂದ ಗಂಟಲು ಕೆರೆಯುವ ಇನ್ನೊಂದು ವಾಸನೆ ಬಂದು ಇದರ ಜೊತೆ ಸೇರುತ್ತಿತ್ತು. ನಾಲ್ಕು ಕಂಪ್ಯೂಟರು, ಕರೆಂಟು ಹೋದಾಗ ಇಪ್ಪತ್ತು ನಿಮಿಷ ಕುಂಯ್‌ಗುಡುವ ಬ್ಯಾಟರಿ, ಟೆಲಿಫೋನ್ ತಂತಿಯಲ್ಲಿ ಬರುವ ಇಂಟರ್ನೆಟ್ಟು. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಕಡೆ ಆಗ ವೆಬ್‌ಸೈಟು ಎಂದರೆ ಪರೀಕ್ಷೆಯ ಫಲಿತಾಂಶ ನೋಡುವ ಜಾಗ, ಅಷ್ಟೇ.

ನಾನು ಬಸವಕಲ್ಯಾಣದವಳು. ಅಲ್ಲಿಯೇ ಬಿ.ಎಸ್ಸಿ. ಮುಗಿಸಿ, ಕಂಪ್ಯೂಟರ್ ಕಲಿತು, ಈ ಕೆಲಸಕ್ಕೆ ಸೇರಿದ್ದೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ, ಬಂಗ್ಲಾ ಎನ್ನುವ ಕ್ರಾಸಿನ ಹತ್ತಿರ ಹೆದ್ದಾರಿ ಸೇರಿ, ರಾಜೇಶ್ವರ ದಾಟಿ ಹುಮನಾಬಾದಿಗೆ ಬರುವುದು. ಸಂಜೆ ಅದೇ ದಾರಿಯಲ್ಲಿ ವಾಪಸು. ನಮ್ಮ ಮಾಲೀಕರು ಹುಮನಾಬಾದಿನವರೇ. ಹೈದರಾಬಾದಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, ಅಲ್ಲಿ ರೂಬಿ ಎನ್ನುವ ಆಗಿನ ಹೊಸ ಭಾಷೆ ಕಲಿತು, ಊರಿಗೆ ಬಂದು ಈ ಕಂಪನಿ ತೆರೆದಿದ್ದರು. ಬುದ್ಧಿವಂತರು, ಕೆಲಸ ಕಲಿಸುವುದರಲ್ಲಿ ಉದಾರಿ. ನಾನು ಕಲಿತದ್ದೆಲ್ಲ ಅವರಿಂದಲೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವರ ಬಗ್ಗೆ ಒಳ್ಳೆಯ ಮಾತು ಹೆಚ್ಚು ಬರುವುದಿಲ್ಲ.

ನಮಗೆ ಸಿಕ್ಕ ದೊಡ್ಡ ಕೆಲಸವೆಂದರೆ ಹಳ್ಳಿಯ ಹೆಣ್ಣುಮಕ್ಕಳಿಗಾಗಿ ಹಾಸ್ಟೆಲು ನಡೆಸುವ ಒಂದು ಟ್ರಸ್ಟಿನದು. ಬಸವಕಲ್ಯಾಣದಲ್ಲಿ ಒಂದು ಹಾಸ್ಟೆಲು, ಹುಮನಾಬಾದಿನಲ್ಲಿ ಇನ್ನೊಂದು. ಹುಡುಗಿಯರ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಬೇಕು; ಅದರಿಂದ ಹಾಜರಿ ಪಟ್ಟಿ, ಗುರುತಿನ ಚೀಟಿ, ಊರಿಗೆ ಹೋಗುವ ರಜೆಯ ಚೀಟಿ, ಹಾಸ್ಟೆಲಿನಲ್ಲಿ ಇದ್ದಾಳೆ ಎನ್ನುವ ಪ್ರಮಾಣಪತ್ರ ಎಲ್ಲ ತಾನಾಗಿಯೇ ಮುದ್ರಣವಾಗಬೇಕು. ಮಾಲೀಕರು ಮೊದಲೊಮ್ಮೆ ಒಂದು ಕಾಲೇಜಿಗೆ ಮಾಡಿಕೊಟ್ಟಿದ್ದ ಪ್ರೋಗ್ರಾಮನ್ನೇ ತೆಗೆದು, ಅಲ್ಲಲ್ಲಿ ತಿದ್ದಿ, ಇದಕ್ಕೆ ಹೊಂದಿಸಿದರು. ಅದರಲ್ಲಿ ಪ್ರತಿ ಹುಡುಗಿಯ ಹೆಸರು ‘ಯೂಸರ್’, ಅಂದರೆ ಬಳಸುವವಳು. ನಾರಾಯಣಪುರದಿಂದ ತಲೆಯ ಮೇಲೆ ಟ್ರಂಕು ಹೊತ್ತುಕೊಂಡು ಬಂದ ಹನ್ನೆರಡು ವರ್ಷದ ಹುಡುಗಿಯೂ ಯೂಸರ್. ಆ ಹುಡುಗಿಯರಲ್ಲಿ ಒಬ್ಬಳೂ ಕಂಪ್ಯೂಟರು ಮುಟ್ಟಿರಲಿಲ್ಲ.

ಎರಡನೆಯ ವರ್ಷದ ಜೂನ್ ತಿಂಗಳು. ಅಡ್ಮಿಷನ್ ನಡೆದಿತ್ತು. ಒಂದು ದಿನ ಬಸವಕಲ್ಯಾಣದ ಹಾಸ್ಟೆಲಿನ ಆಪರೇಟರ್ ಫೋನು ಮಾಡಿದರು. ಆಪರೇಟರ್ ಎಂದರೆ ನಲವತ್ತು ದಾಟಿದ, ಮೆತ್ತಗಿನ ಮಾತಿನ ಮನುಷ್ಯ. ಮೊದಲು ತಾಲ್ಲೂಕು ಕಚೇರಿಯ ಎದುರು ಟೈಪಿಂಗ್ ಮಾಡಿಕೊಂಡಿದ್ದವರು. ಪಟ್ಟಿಯ ಪೇಜು ತೆರೆಯುತ್ತಲೇ ಇಲ್ಲ, ‘ಕ್ಷಮಿಸಿ, ಏನೋ ತಪ್ಪಾಗಿದೆ’ ಎಂದು ಬರುತ್ತಿದೆ ಎಂದರು. ಒಬ್ಬ ಹುಡುಗಿಯದಲ್ಲ, ಎಲ್ಲರ ಪಟ್ಟಿಯೂ ಮಾಯ. ಹೊರಗೆ ತಾಯಂದಿರು ಮಕ್ಕಳನ್ನು ಕರೆದುಕೊಂಡು ನೆರಳು ಹುಡುಕಿ ಕೂತಿದ್ದಾರೆ, ವಾರ್ಡನ್ ಬೈಯುತ್ತಿದ್ದಾರೆ.

ಮಾಲೀಕರು ಆ ಕೆಲಸ ನನಗೆ ವಹಿಸಿದರು. ನಾನು ಲಾಗ್ ತೆಗೆದು ನೋಡಿದೆ. ಲಾಗ್ ಎಂದರೆ ಪ್ರೋಗ್ರಾಮು ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಿನಚರಿ. ಅಲ್ಲಿ ಇಂಗ್ಲಿಷಿನಲ್ಲಿ ಒಂದೇ ದೂರು ಮತ್ತೆ ಮತ್ತೆ ಬಿದ್ದಿತ್ತು: ನೀವು ಎದುರುನೋಡದ ಜಾಗದಲ್ಲಿ ನಿಮಗೆ ‘ನಿಲ್’ ಸಿಕ್ಕಿದೆ, ನಿಲ್‌ಗೆ ಅದರ ಹೆಸರು ಕೇಳುವಾಗ ತಪ್ಪು ನಡೆಯಿತು.

ನಿಲ್ ಎಂದರೆ ಏನೂ ಇಲ್ಲ. ಖಾಲಿ ಡಬ್ಬಿ ಬೇರೆ, ಡಬ್ಬಿಯೇ ಇಲ್ಲದಿರುವುದು ಬೇರೆ. ಖಾಲಿ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಏನೂ ಇಲ್ಲ ಎಂದು ಪ್ರೋಗ್ರಾಮು ಹೇಳಬಲ್ಲದು. ಡಬ್ಬಿಯೇ ಇಲ್ಲದ ಕಡೆ ಮುಚ್ಚಳ ತೆಗೆ ಎಂದರೆ ಅದಕ್ಕೆ ದಿಕ್ಕು ತಪ್ಪುತ್ತದೆ, ಇದ್ದಲ್ಲೇ ನಿಂತುಬಿಡುತ್ತದೆ. ನಮ್ಮ ಪ್ರೋಗ್ರಾಮಿನಲ್ಲಿ ಹುಡುಗಿಗೆ ಒಂದು ದಾಖಲೆ, ತಂದೆಗೆ ಇನ್ನೊಂದು ದಾಖಲೆ. ಪಟ್ಟಿ ಮಾಡುವ ಸಾಲು ಪ್ರತಿ ಹುಡುಗಿಯ ಹತ್ತಿರ ಹೋಗಿ, ನಿನ್ನ ತಂದೆ ಯಾರು, ಅವನ ಹೆಸರೇನು ಎಂದು ಕೇಳುತ್ತಿತ್ತು. ತಂದೆ ಇದ್ದೇ ಇರುತ್ತಾನೆ ಎಂದು ಬರೆದವರು ನಂಬಿದ್ದರು. ಇಲ್ಲದಿದ್ದರೆ ಏನು ಮಾಡಬೇಕೆಂದು ಒಂದು ಮಾತೂ ಬರೆದಿರಲಿಲ್ಲ. ಆ ದಿನ ಒಬ್ಬ ಹುಡುಗಿಯ ಹತ್ತಿರ ಹೋಗಿ ಕೇಳಿದಾಗ ಅಲ್ಲಿ ತಂದೆಯ ದಾಖಲೆ ಇರಲಿಲ್ಲ. ಅವಳೊಬ್ಬಳ ಕಾರಣದಿಂದ ಪೂರ್ತಿ ಪಟ್ಟಿ ಬಿದ್ದುಹೋಯಿತು.

ಆ ಹುಡುಗಿ ಯಾರೆಂದು ಹುಡುಕಲು ಅರ್ಧ ತಾಸು ಹಿಡಿಯಿತು. ನಾರಾಯಣಪುರದವಳು, ಎಂಟನೆಯ ತರಗತಿ. ಹೆಸರು ಇದೆ, ತಾಯಿಯ ಹೆಸರು ಇದೆ, ತಂದೆಯ ಕಾಲಮ್ ಖಾಲಿ.

ನಾನು ಮಾಲೀಕರಿಗೆ ಹೇಳಿದೆ. ಅವರು ತಮ್ಮ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ.

“ಕೋಡ್ ಬರೋಬರ್ ಅದ. ಡೇಟಾ ಖರಾಬ್ ಅದ. ಆ ರಿಕಾರ್ಡ್ ಅಳಿಸಿ ಒಗಿ, ಪಟ್ಟಿ ಚಾಲೂ ಆಗ್ತದ. ಆಮ್ಯಾಲ ಆ ಕಾಲಮ್ ಕಡ್ಡಾಯ ಮಾಡಿಬಿಡು, ಖಾಲಿ ಬಿಟ್ರ ಮುಂದಕ್ಕೇ ಹೋಗಬಾರದು.”

ಖರಾಬ್ ಎಂಬ ಮಾತು ನನಗೆ ಎಲ್ಲೋ ಚುಚ್ಚಿತು. ಗೋಧಿಯಲ್ಲಿ ಹುಳ ಬಿದ್ದರೆ ಖರಾಬ್ ಅನ್ನುತ್ತೇವೆ. ಒಬ್ಬ ತಾಯಿ ತನ್ನ ಮಗಳ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾಳೆ. ಅದು ಹ್ಯಾಗೆ ಖರಾಬಾಗುತ್ತದೆ? ಅಳಿಸುವುದಿಲ್ಲ ಸರ್, ನಾಳೆ ಬರುವಾಗ ಹಾಸ್ಟೆಲಿಗೆ ಹೋಗಿ ನೋಡಿಕೊಂಡೇ ಬರುತ್ತೇನೆ ಎಂದೆ. ಅಲ್ಲಿಯವರೆಗೆ ಪಟ್ಟಿ ತೆರೆಯಲಿ ಎಂದು, ತಂದೆ ಇಲ್ಲದ ದಾಖಲೆಯನ್ನು ದಾಟಿ ಮುಂದೆ ಹೋಗುವಂತೆ ತಾತ್ಕಾಲಿಕವಾಗಿ ಒಂದು ಸಾಲು ಸೇರಿಸಿದೆ. ಪಟ್ಟಿ ತೆರೆಯಿತು. ಆದರೆ ಅದರಲ್ಲಿ ನಾರಾಯಣಪುರದ ಹುಡುಗಿ ಇರಲಿಲ್ಲ. ಅವಳನ್ನು ಬಿಟ್ಟು ಉಳಿದವರೆಲ್ಲ ಇದ್ದರು. ಅದನ್ನು ನೋಡಿ ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಹಾಸ್ಟೆಲಿಗೆ ಹೋದೆ. ಆಪರೇಟರು ಆ ತಾಯಿ ಮಗಳನ್ನು ಮತ್ತೆ ಬರಹೇಳಿದ್ದರು. ತಾಯಿ ಹೊಲದ ಕೆಲಸದವಳು. ಅವತ್ತಿನ ಕೂಲಿ ಬಿಟ್ಟು, ಎರಡನೆಯ ಸಲ ಬಂದಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಗಳ ಶಾಲೆಯ ವರ್ಗಾವಣೆ ಪತ್ರ. ನಾನು ಅದನ್ನು ಇಸಿದುಕೊಂಡು ನೋಡಿದೆ. ತಂದೆಯ ಹೆಸರು ಇರಬೇಕಾದ ಜಾಗದಲ್ಲಿ ಊರಿನ ಹೆಡ್‌ಮಾಸ್ತರರು ನೀಲಿ ಶಾಯಿಯಿಂದ ಸಣ್ಣದೊಂದು ಗೆರೆ ಎಳೆದಿದ್ದರು. ಒಂದು ಗೆರೆ. ಪೆನ್ನು ಹಿಡಿದ ಒಬ್ಬ ಮಾಸ್ತರರಿಗೆ ಸರಳವಾಗಿ ಹೊಳೆದದ್ದು ನಮ್ಮ ನಾಲ್ಕು ಕಂಪ್ಯೂಟರುಗಳಿಗೆ ಹೊಳೆದಿರಲಿಲ್ಲ.

ಆಪರೇಟರು ಅವಳಿಗೆ ಸಮಾಧಾನವಾಗಿ ಹೇಳುತ್ತಿದ್ದರು: ನಿನ್ನ ಅಣ್ಣನ ಹೆಸರನ್ನಾದರೂ ಕೊಡು, ಬರೆದುಬಿಡುತ್ತೇನೆ, ಯಾರೂ ಬಂದು ಕೇಳುವುದಿಲ್ಲ. ಆಕೆ ತಲೆಯಾಡಿಸುತ್ತಿದ್ದಳು. ನಾನೂ ಬಂದದ್ದು ನೋಡಿ, ನನ್ನನ್ನು ದೊಡ್ಡ ಅಧಿಕಾರಿ ಎಂದು ತಿಳಿದಳೋ ಏನೋ, ನನ್ನ ಕಡೆಗೇ ತಿರುಗಿದಳು.

“ಅಕ್ಕೋರೆ, ಅಂವ ಅಕಿ ಹುಟ್ಟೂಕಿಂತ ಮೊದಲ ಬಿಟ್ಟು ಹೋದಾಂವ. ಹೆಸರ ನನಗ ಗೊತ್ತದರಿ, ಹೇಳಾಕ ಹೆದರಿಕಿನೂ ಇಲ್ಲ. ಆದ್ರ ಒಂದ್ ದಿನ ಅಕಿನ್ನ ಎತ್ತಿಕೊಳ್ಳಲಾರದಾಂವನ ಹೆಸರು ಅಕಿ ಮ್ಯಾಲ ಯಾಕ ಬರೀಬೇಕು? ನಮ್ಮ ಅಣ್ಣಂದು ಬರದ್ರ ಅದು ಸುಳ್ಳ ಆಗ್ತದ. ಸುಳ್ಳ ಬರಸಾಕ ನಾ ಸಾಲಿಗಿ ಹಾಕಾಕತ್ತಿಲ್ಲರಿ ಅಕಿಗಿ.”

ಮಗಳು ಪಕ್ಕದಲ್ಲೇ ನಿಂತಿದ್ದಳು. ಇದನ್ನು ಮೊದಲ ಸಲ ಕೇಳುತ್ತಿರುವವಳ ಹಾಗೆ ಇರಲಿಲ್ಲ. ನೆಲ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಇದ್ದ ಹಾಗೇ ಇರಲಿ, ಎರಡು ಮೂರು ದಿನದಲ್ಲಿ ನಾನೇ ಸರಿಮಾಡುತ್ತೇನೆ, ಹುಡುಗಿ ಇವತ್ತೇ ಹಾಸ್ಟೆಲಿನಲ್ಲಿ ಉಳಿಯಲಿ ಎಂದು ವಾರ್ಡನ್‌ಗೆ ಹೇಳಿದೆ. ಅಷ್ಟು ಹೇಳುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ. ಆದರೂ ವಾರ್ಡನ್ ಒಪ್ಪಿದರು.

ತಾಯಿ ಮಗಳು ಒಳಗೆ ಹೋದ ಮೇಲೆ ನಾನು ಆಪರೇಟರನ್ನು ಕೇಳಿದೆ. ಹೋದ ವರ್ಷ ಇಷ್ಟೊಂದು ಹುಡುಗಿಯರು ಸೇರಿದರು, ಒಮ್ಮೆಯೂ ಹೀಗಾಗಲಿಲ್ಲ. ಆಗ ತಂದೆ ಇಲ್ಲದ ಹುಡುಗಿಯರು ಯಾರೂ ಬರಲಿಲ್ಲವೆ? ಅವರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಕೂತರು.

“ಬಂದಿದ್ರಲ್ರಿ. ಅವರಿಗೆಲ್ಲಾ ನಮ್ಮಪ್ಪಂದು ಹಾಕೀನಿ.”

ನನಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಕೇಳಿದೆ.

“ನಮ್ಮಪ್ಪಂದು ಹೆಸರು ಮೇಡಮ್. ತೀರಿಕೊಂಡು ಭಾಳ ವರ್ಷ ಆತು. ಛಲೋ ಮನಷ್ಯಾ ಇದ್ದ, ಊರಾಗ ಯಾರಿಗೂ ಕೆಟ್ಟ ಬಯಸಲಿಲ್ಲ. ಯಾರ್ದೋ ಹಾಕೂದಕಿಂತ ಅವಂದು ಇರಲಿ ಅಂತ ಹಾಕಿದೆ. ಈ ತಾಯಿ ಒಬ್ಬಾಕಿ ಯಾರ್ದೂ ಬ್ಯಾಡ ಅಂದ್ಲು, ಅದಕ್ಕ ಖಾಲಿ ಉಳೀತು. ನೀವೇ ಹೇಳಿದ್ರಲ್ರಿ, ಏನರೆ ಹಾಕ್ರಿ, ಮುಂದ ಹೋಗ್ತದ ಅಂತ.”

ನಾನು ಹೇಳಿದ್ದೆ. ಅವರು ನೆನಪಿಸಿದ ಕೂಡಲೇ ನನಗೂ ನೆನಪಾಯಿತು. ಹೋದ ವರ್ಷ ಪ್ರೋಗ್ರಾಮು ಶುರುವಾದ ವಾರದಲ್ಲಿ ಅವರು ಫೋನು ಮಾಡಿದ್ದರು. ಹೊಸ ಹುಡುಗಿಯ ಅರ್ಜಿ ತುಂಬಿದ ಮೇಲೆ ಪೇಜು ತೆರೆಯುತ್ತಿಲ್ಲ ಎಂದಿದ್ದರು. ನಾನು ಬೇರೊಂದು ಕೆಲಸದಲ್ಲಿದ್ದೆ, ಮುಂದೆ ರೊಟ್ಟಿಯ ಡಬ್ಬಿ ಬಿಚ್ಚಿಕೊಂಡಿತ್ತು. ತಂದೆಯ ಹೆಸರು ಬಿಟ್ಟಿದ್ದೀರಿ, ಏನಾದರೂ ಹಾಕಿ ಎಂದು ಹೇಳಿ ಫೋನಿಟ್ಟಿದ್ದೆ. ಅವರು ನನ್ನ ಮಾತನ್ನು ಪಾಲಿಸಿದ್ದರು. ಅಷ್ಟೇ ಅಲ್ಲ, ‘ಏನಾದರೂ’ ಎನ್ನುವ ನನ್ನ ಉಡಾಫೆಯ ಮಾತಿಗೆ ತಮ್ಮ ಮನೆಯ ಅತ್ಯಂತ ಗೌರವದ ಹೆಸರನ್ನು ತಂದು ಹಾಕಿದ್ದರು. ಅವರನ್ನು ಬೈಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ಬೈಸಿಕೊಳ್ಳಬೇಕಾದವಳು ಅವರ ಎದುರು ನಿಂತಿದ್ದಳು.

ಹುಮನಾಬಾದಿಗೆ ಹೋಗಿ ಆ ಹೆಸರನ್ನು ಹುಡುಕಿದೆ. ಹನ್ನೊಂದು ಹುಡುಗಿಯರು. ಹನ್ನೊಂದು ಬೇರೆ ಬೇರೆ ಹಳ್ಳಿಗಳು, ಹನ್ನೊಂದು ತಾಯಂದಿರು, ಒಬ್ಬನೇ ತಂದೆ. ಅವರ ಗುರುತಿನ ಚೀಟಿಗಳ ಮೇಲೆ, ರಜೆಯ ಚೀಟಿಗಳ ಮೇಲೆ, ಪ್ರಮಾಣಪತ್ರಗಳ ಮೇಲೆ ಆ ಹೆಸರು ವರ್ಷವಿಡೀ ಮುದ್ರಣವಾಗಿತ್ತು. ವಾರ್ಡನ್ ಆಮೇಲೆ ಹೇಳಿದರು: ಹುಡುಗಿಯರಿಗೆ ಇದು ಗೊತ್ತಿತ್ತಂತೆ. ತಮ್ಮ ತಮ್ಮಲ್ಲಿ ನಾವು ಹನ್ನೊಂದು ಮಂದಿ ಅಕ್ಕತಂಗಿಯರು ಎಂದು ನಗುತ್ತಿದ್ದರಂತೆ. ದೊಡ್ಡವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಕಂಪ್ಯೂಟರಿನಲ್ಲಿ ಹಾಗೇ ಬರುತ್ತದೆ ಎಂದುಕೊಂಡಿದ್ದರಂತೆ.

ಕಂಪ್ಯೂಟರಿನಲ್ಲಿ ಹಾಗೇ ಬರುತ್ತದೆ. ಈ ಮಾತನ್ನು ನಾನು ಆ ಮೂರು ವರ್ಷಗಳಲ್ಲಿ ಎಷ್ಟು ಜನರ ಬಾಯಿಂದ ಕೇಳಿದ್ದೆನೋ. ಕಂಪ್ಯೂಟರಿನಲ್ಲಿ ತಾನಾಗಿ ಏನೂ ಬರುವುದಿಲ್ಲ. ಯಾರೋ ಕೂತು ಬರೆದದ್ದು ಬರುತ್ತದೆ, ಯಾರೋ ಸೋಮಾರಿತನದಿಂದ ಬಿಟ್ಟದ್ದು ಬರುವುದಿಲ್ಲ. ಆ ‘ಯಾರೋ’ ನಾವೇ; ನಮ್ಮ ಕೋಣೆಯಲ್ಲೇ ಕೂತು ಮಂಡಕ್ಕಿಯ ಸುಸಲಾ, ಮಿರ್ಚಿ ತಿನ್ನುತ್ತಿದ್ದೆವು.

ನಾನು ಮಾಲೀಕರಿಗೆ ಹನ್ನೊಂದು ಹೆಸರಿನ ಪಟ್ಟಿ ತೋರಿಸಿದೆ. ಅವರು ಓದಿ, ಸ್ವಲ್ಪ ನಕ್ಕರು. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ತಂದೆಯ ಹೆಸರು ಬೇಕು ಅನ್ನುವುದು ಟ್ರಸ್ಟಿನವರ ನಿಯಮ, ನಮ್ಮದಲ್ಲ. ನಾವು ಗಿರಾಕಿ ಕೇಳಿದ್ದನ್ನು ಮಾಡಿಕೊಟ್ಟಿದ್ದೇವೆ ಎಂದರು. ಹಾಗಾದರೆ ಅವರನ್ನೇ ಕೇಳಿ ಬರುತ್ತೇನೆ ಎಂದು ಎದ್ದೆ. ಅವರು ತಡೆಯಲಿಲ್ಲ. ಹೋಗುವುದಿಲ್ಲ ಎಂದುಕೊಂಡಿರಬೇಕು.

ಟ್ರಸ್ಟಿನ ಕಾರ್ಯದರ್ಶಿಗಳು ಮಾರುಕಟ್ಟೆಯಲ್ಲಿ ತೊಗರಿ, ಕಡಲೆಯ ವ್ಯಾಪಾರ ಮಾಡುವವರು. ಹಣೆಯ ತುಂಬ ವಿಭೂತಿ, ವಯಸ್ಸಾದವರು, ಜನ ಸಾವ್ಕಾರ್ರು ಎಂದೇ ಕರೆಯುತ್ತಿದ್ದರು. ಅವರ ಅಂಗಡಿ ನಮ್ಮ ಕೋಣೆಯಿಂದ ಐದು ನಿಮಿಷದ ದಾರಿ. ಹಮಾಲರು ಚೀಲ ಇಳಿಸುತ್ತಿದ್ದರು, ತೊಗರಿಯ ಧೂಳು ಎಲ್ಲ ಕಡೆ. ನಾನು ಮೂಗಿಗೆ ಸೆರಗು ಹಿಡಿದು ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕೂಡಿಸಿ, ನೀರು ಕೊಡಿಸಿ, ಇನ್ನೊಂದು ಸಲ ಮೊದಲಿನಿಂದ ಹೇಳಿಸಿದರು. ಕಡೆಗೆ ಗಾದಿಯ ಹಿಂದಿನ ಗೋಡೆಯ ಕಪಾಟಿನಿಂದ ಟ್ರಸ್ಟಿನ ನಿಯಮಾವಳಿ ತೆಗೆದರು. ಕಂದು ರಟ್ಟಿನ ಸಣ್ಣ ಪುಸ್ತಕ. ಕನ್ನಡಕ ಏರಿಸಿ, ಬೆರಳಿಟ್ಟು ಓದಿ, ಆ ಪುಟವನ್ನು ನನ್ನ ಕಡೆ ತಿರುಗಿಸಿದರು. ‘ತಂದೆ, ತಾಯಿ ಅಥವಾ ಪಾಲಕರ ಹೆಸರು’ ಎಂದಿತ್ತು.

“ತಂಗಿ, ಈ ಹಾಸ್ಟೆಲ್ ಸುರು ಮಾಡಿದ್ದೇ ಯಾರೂ ಇಲ್ಲದ ಹುಡುಗೇರಿಗಿ ಅಂತ. ಅಪ್ಪನ ಹೆಸರು ಇಲ್ಲಂದ್ರ ಒಳಗ ಬಿಡಬ್ಯಾಡ್ರಿ ಅಂತ ನಾವು ಹ್ಯಾಂಗ ಬರಿತೀವಿ? ಇದರಾಗಿಂದ ತಾಯಿ, ಪಾಲಕರ್ನ ತಗದಾವ್ರು ಯಾರು?”

ಗೊತ್ತು ಮಾಡಿಕೊಂಡು ಹೇಳುತ್ತೇನೆ ಎಂದು ಆ ಪುಟದ ಝೆರಾಕ್ಸ್ ಮಾಡಿಸಿಕೊಂಡು ಬಂದೆ.

ಝೆರಾಕ್ಸನ್ನು ಮಾಲೀಕರ ಮೇಜಿನ ಮೇಲೆ ಇಟ್ಟೆ. ಅವರು ನೋಡಿದರು. ಹೌದು, ಮೊದಲು ಕೊಟ್ಟ ಕಾಗದದಲ್ಲಿ ಹಾಗೇ ಇತ್ತು ಎಂದು ಒಪ್ಪಿಕೊಂಡರು. ಹಾಗಾದರೆ ತಾಯಿ, ಪಾಲಕರು ಎಲ್ಲಿ ಹೋದರು ಎಂದೆ. ಅಷ್ಟು ಉದ್ದದ ತಲೆಬರಹ ಗುರುತಿನ ಚೀಟಿಯಲ್ಲಿ ಒಂದೇ ಸಾಲಿನಲ್ಲಿ ಹಿಡಿಯುತ್ತಿರಲಿಲ್ಲ, ಎರಡು ಸಾಲಾಗಿ ಒಡೆದು ಅಸಹ್ಯವಾಗಿ ಕಾಣುತ್ತಿತ್ತು, ಅದಕ್ಕೆ ತಂದೆ ಅಂತ ಅಷ್ಟೇ ಇಟ್ಟೆ ಎಂದರು. ಕಾಲೇಜಿನ ಹಳೆಯ ಪ್ರೋಗ್ರಾಮಿನಲ್ಲೂ ತಂದೆ ಮಾತ್ರ ಇದ್ದದ್ದರಿಂದ ಕೆಲಸವೂ ಸುಲಭವಾಯಿತಂತೆ.

ಒಂದು ಸಾಲು ಎರಡಾಗಬಾರದು ಎಂದು. ನೋಡಲು ಅಂದವಾಗಿರಲಿ ಎಂದು. ಇದಕ್ಕಾಗಿ ನಾರಾಯಣಪುರದ ಒಬ್ಬ ಹೆಂಗಸು ಎರಡು ದಿನದ ಕೂಲಿ ಬಿಟ್ಟು ಬಂದು, ಮಗಳ ಎದುರಿಗೇ ತನ್ನ ಬಾಳಿನ ಕತೆಯನ್ನು ಅಪರಿಚಿತರಿಗೆ ಬಿಡಿಸಿ ಹೇಳಬೇಕಾಯಿತು. ನಾನು ಜೋರಾಗಿ ಮಾತಾಡುವವಳಲ್ಲ. ಅವತ್ತು ಮಾತಾಡಿದೆ. ಡೇಟಾ ಖರಾಬಲ್ಲ ಸರ್, ನಿಮ್ಮ ಸಾಲು ಖರಾಬ್, ಅದಕ್ಕೆ ಸುಳ್ಳು ಹೇಳಲು ಕಲಿಸಿದ ನಾನೂ ಖರಾಬ್ ಎಂದೆ. ಪಕ್ಕದ ಇಬ್ಬರು ಕೀಲಿಮಣೆ ಬಿಟ್ಟು ನನ್ನನ್ನೇ ನೋಡಿದರು. ಕೆಲಸ ಹೋಗುತ್ತದೆ ಎಂದುಕೊಂಡೆ. ಮಾಲೀಕರು ಝೆರಾಕ್ಸನ್ನು ನನ್ನ ಕಡೆ ತಳ್ಳಿ, ನಿನಗೆ ಹ್ಯಾಂಗ ಬೇಕೋ ಹಾಂಗ ತಿದ್ದು ಎಂದು ಹೇಳಿ ಹೊರಗೆ ಹೋದರು. ತಪ್ಪಾಯಿತು ಎನ್ನಲಿಲ್ಲ. ಮುಂದೆಯೂ ಎಂದೂ ಎನ್ನಲಿಲ್ಲ.

ತಿದ್ದುವ ಕೆಲಸ ಮೂರು ದಿನ ಹಿಡಿಯಿತು. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಬೀಳುತ್ತಿತ್ತು. ಪಟ್ಟಿ ತೆರೆಯಿತು ಎಂದು ಗುರುತಿನ ಚೀಟಿ ಒತ್ತಿದರೆ ಅಲ್ಲಿ ಮತ್ತೆ ಅದೇ ನಿಲ್. ಅದನ್ನು ಸರಿಮಾಡಿ ರಜೆಯ ಚೀಟಿ ತೆಗೆದರೆ ಅಲ್ಲೂ ಅದೇ. ಹೆಸರಿನ ಇನಿಷಿಯಲ್ ಹಾಕುವ ಕಡೆ, ಮನೆಯವರಿಗೆ ಪತ್ರ ಬರೆಯುವ ಕಡೆ, ಕಡೆಗೆ ಹುಡುಗಿಗೆ ಜ್ವರ ಬಂದರೆ ಯಾರಿಗೆ ತಿಳಿಸಬೇಕೆಂದು ತೋರಿಸುವ ಕಡೆಯೂ ತಂದೆಯನ್ನೇ ಕೇಳಿದ್ದರು. ಆ ಯೂಸರ್ ಎಂಬ ಕಡತದಲ್ಲಿ ಹದಿನಾಲ್ಕು ಜಾಗಗಳು. ಒಂದೊಂದು ಸಿಕ್ಕಾಗಲೂ ನನ್ನ ಸಿಟ್ಟು ಹೊಸದಾಗುತ್ತಿತ್ತು. ಜ್ವರ ಬಂದ ಮಗುವಿನ ಹತ್ತಿರ ಓಡಿ ಬರುವವಳು ತಾಯಿ ಎಂದು ಗೊತ್ತಿಲ್ಲದವರು ಯಾರಿದ್ದಾರೆ?

ತಂದೆ ಇಲ್ಲದಿದ್ದರೆ ಖಾಲಿ ತೋರಿಸು ಎಂದು ಎಲ್ಲ ಕಡೆ ತೇಪೆ ಹಾಕಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ತಪ್ಪಿನ ಸಂದೇಶ ಬರುತ್ತಿರಲಿಲ್ಲ, ಅಷ್ಟೇ. ನಾನು ಆ ಪ್ರಶ್ನೆಯನ್ನೇ ಬದಲಿಸಿದೆ. ನಿನ್ನ ತಂದೆ ಯಾರು ಎಂದು ಕೇಳುವ ಕಡೆಯಲ್ಲೆಲ್ಲ, ನಿನ್ನನ್ನು ನೋಡಿಕೊಳ್ಳುವವರು ಯಾರು ಎಂದು ಕೇಳುವಂತೆ ಬರೆದೆ. ತಂದೆ, ತಾಯಿ, ಅಜ್ಜಿ, ಅಕ್ಕ, ಯಾರಾದರೂ ಸರಿ. ಯಾರೂ ಇಲ್ಲದಿದ್ದರೆ ವಾರ್ಡನ್. ಮೂರನೆಯ ದಿನ ಮಧ್ಯಾಹ್ನ ನಾರಾಯಣಪುರದ ಹುಡುಗಿಯ ದಾಖಲೆ ತೆರೆದು ಹದಿನಾಲ್ಕೂ ಕಡೆ ಒತ್ತಿ ನೋಡಿದೆ. ಎಲ್ಲೂ ಬೀಳಲಿಲ್ಲ. ಲಾಗ್ ಶಾಂತವಾಗಿತ್ತು. ಗುರುತಿನ ಚೀಟಿಯಲ್ಲಿ ತಲೆಬರಹ ಎರಡು ಸಾಲಾಗಿ ಒಡೆದಿತ್ತು. ಅದರ ಕೆಳಗೆ ಅವಳ ತಾಯಿಯ ಹೆಸರಿತ್ತು. ನನ್ನ ಕಣ್ಣಿಗೆ ಏನೂ ಅಸಹ್ಯ ಕಾಣಲಿಲ್ಲ.

ಹನ್ನೊಂದು ಹುಡುಗಿಯರದು ಉಳಿದಿತ್ತು. ಒಬ್ಬೊಬ್ಬರನ್ನೇ ಕರೆದು ಕೇಳಿಯೇ ತಿದ್ದಬೇಕು, ಊಹೆಯಿಂದ ಒಂದಕ್ಷರವನ್ನೂ ಹಾಕಬಾರದು ಎಂದು ನಿರ್ಧಾರ ಮಾಡಿದೆ. ವಾರ್ಡನ್ ಜೊತೆಗೆ ಕೂತರು. ಆಗ ಇನ್ನೊಂದು ಸಂಗತಿ ಹೊರಗೆ ಬಂತು. ಹನ್ನೊಂದು ಮಂದಿಯಲ್ಲಿ ನಾಲ್ವರಿಗೆ ತಂದೆಯ ಹೆಸರು ಇತ್ತು. ಶಾಲೆಯ ಕಾಗದದಲ್ಲೂ ಇತ್ತು. ಅಡ್ಮಿಷನ್ ದಿನ ಅವರ ತಾಯಂದಿರು ಗಂಡನ ಹೆಸರನ್ನು ಬಾಯಿಂದ ಹೇಳಬಾರದೆಂದು ಸುಮ್ಮನೆ ನಿಂತಿದ್ದರು. ಹಿಂದೆ ಸಾಲು ದೊಡ್ಡದಿತ್ತು. ಆಪರೇಟರು ಕಾಗದ ತಿರುಗಿಸಿ ನೋಡದೆ, ಇವರಿಗೂ ಇಲ್ಲ ಎಂದುಕೊಂಡು ತಮ್ಮ ತಂದೆಯ ಹೆಸರನ್ನು ಹಾಕಿದ್ದರು.

ಆ ನಾಲ್ವರಲ್ಲಿ ಒಬ್ಬಳು ನಿರ್ಣಾದವಳು. ಆಗ ಬಸವಕಲ್ಯಾಣದಿಂದ ಹುಮನಾಬಾದಿನ ಹಾಸ್ಟೆಲಿಗೆ ಬದಲಾಗಿ ಬಂದು ಪಿಯುಸಿ ಎರಡನೆಯ ವರ್ಷ ಓದುತ್ತಿದ್ದಳು. ಅವಳಿಗೆ ಎರಡು ವರ್ಷವಿದ್ದಾಗ ತಂದೆ ತೀರಿಕೊಂಡಿದ್ದರು. ಹೋದ ವರ್ಷ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಳು; ಹಾಸ್ಟೆಲಿನ ಪ್ರಮಾಣಪತ್ರದಲ್ಲಿ ಒಂದು ತಂದೆ, ಶಾಲೆಯ ಪತ್ರದಲ್ಲಿ ಇನ್ನೊಂದು ತಂದೆ. ತಾಳೆಯಾಗುತ್ತಿಲ್ಲ ಎಂದು ಅರ್ಜಿ ಎರಡು ಸಲ ವಾಪಸು ಬಂದಿತ್ತು. ಮೂರನೆಯ ಸಲ ಹಾಕುವಷ್ಟರಲ್ಲಿ ಅವಧಿ ಮುಗಿದಿತ್ತು. ತನ್ನದೇ ಏನೋ ತಪ್ಪು ಎಂದುಕೊಂಡು ಯಾರಿಗೂ ಹೇಳದೆ ಸುಮ್ಮನಾಗಿದ್ದಳು.

ಏನಾಯಿತೆಂದು ನಾನು ಅವಳಿಗೆ ಮುಚ್ಚುಮರೆ ಇಲ್ಲದೆ ಹೇಳಿದೆ. ನಿಲ್, ಪ್ರೋಗ್ರಾಮು, ನನ್ನ ಫೋನಿನ ಮಾತು, ಆಪರೇಟರ ತಂದೆ, ಎಲ್ಲ. ಅವಳು ಅಳಬಹುದು ಎಂದುಕೊಂಡಿದ್ದೆ. ಅಳಲಿಲ್ಲ. ಪೂರ್ತಿ ಕೇಳಿಸಿಕೊಂಡು, ಬಹಳ ಸಣ್ಣ ದನಿಯಲ್ಲಿ ಹೇಳಿದಳು:

“ನಮ್ಮಪ್ಪಗ ಹೆಸರು ಇತ್ತಲ್ರಿ ಮೇಡಮ್. ನಾ ಅಲ್ಲೇ ನಿಂತಿದ್ದೆ. ಒಂದು ಮಾತು ನನ್ನ ಕೇಳಬೇಕಿತ್ತು.”

ನಮ್ಮ ಪಟ್ಟಿಯಲ್ಲಿ ಅವಳು ಒಬ್ಬ ಯೂಸರ್ ಮಾತ್ರ ಆಗಿದ್ದಳು. ಮೇಜಿನ ಆ ಕಡೆ ನಿಂತ, ಮಾತು ಬರುವ, ತನ್ನ ತಂದೆಯ ಹೆಸರು ಬಲ್ಲ ಹುಡುಗಿ ನಮ್ಮಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆಮೇಲೆ ಅವಳು ತಂದೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದಳು. ನಾನು ಟೈಪ್ ಮಾಡಿದೆ. ಒತ್ತಕ್ಷರ ಒಂದು ತಪ್ಪಿತ್ತು, ಬೆರಳು ತೋರಿಸಿ ತಿದ್ದಿಸಿದಳು. ಹೊಸ ಪ್ರಮಾಣಪತ್ರ ಮುದ್ರಿಸಿ ವಾರ್ಡನ್ ಸಹಿ ಹಾಕಿಸಿ ಕೊಟ್ಟೆವು. ಇದು ಹಾಸ್ಟೆಲಿನ ತಪ್ಪು, ವಿದ್ಯಾರ್ಥಿನಿಯದಲ್ಲ ಎಂದು ಸಾವ್ಕಾರ್ರು ಟ್ರಸ್ಟಿನ ಕಾಗದದ ಮೇಲೆ ತಾವೇ ಬರೆದುಕೊಟ್ಟರು. ಆಪರೇಟರು ಹುಮನಾಬಾದಿಗೇ ಬಂದು ಅವಳ ಎದುರು ಕೈಮುಗಿದರು. ಅವಳು ಹ್ಞೂಂ ಎಂದಳು, ಅಷ್ಟೇ. ಅವರು ವಾಪಸು ಹೋಗುವಾಗ ಬಸ್‌ಸ್ಟ್ಯಾಂಡಿನವರೆಗೆ ನನ್ನ ಜೊತೆಗೇ ನಡೆದು ಬಂದರು.

ಆ ಪ್ರೋಗ್ರಾಮನ್ನು ಮಾಲೀಕರು ಮುಂದೆ ಇನ್ನೆರಡು ಸಂಸ್ಥೆಗಳಿಗೆ ಮಾರಿದರು. ನನ್ನ ತಿದ್ದುಪಡಿಯನ್ನು ಅದರಲ್ಲಿ ಉಳಿಸಿದ್ದರು. ಅದನ್ನು ತೋರಿಸುವಾಗ ತಮ್ಮ ಪ್ರೋಗ್ರಾಮಿನ ವಿಶೇಷ ಎಂದು ಗಿರಾಕಿಗಳಿಗೆ ಹೇಳುತ್ತಿದ್ದರು. ನಾನು ಪಕ್ಕದ ಮೇಜಿನಲ್ಲಿ ಕೂತು ಕೇಳುತ್ತಿದ್ದೆ, ಹಲ್ಲು ಕಚ್ಚಿಕೊಂಡು.

ನಿರ್ಣಾದ ಹುಡುಗಿಗೆ ಆ ವರ್ಷದ ವಿದ್ಯಾರ್ಥಿವೇತನ ಮಂಜೂರಾಯಿತು. ಹಿಂದಿನ ವರ್ಷದ್ದು ಹೋಯಿತು. ಅವಧಿ ಮುಗಿದದ್ದಕ್ಕೆ ಏನೂ ಮಾಡಲಾಗದು ಎಂದರು. ಆ ಹೋದ ವರ್ಷಕ್ಕಾಗಿ ಕ್ಷಮೆ ಕೇಳಿ ನಮ್ಮ ಕಂಪನಿಯಿಂದ ಅವಳಿಗೊಂದು ಪತ್ರ ಹೋಗಬೇಕಿತ್ತು. ಮಾಲೀಕರು ಬರೆಯಲಿಲ್ಲ. ಬರೆಯಿರಿ ಎಂದು ನಾನು ಎರಡು ಸಲ ಕೇಳಿದೆ. ಮೂರನೆಯ ಸಲ ಕೇಳಲಿಲ್ಲ, ನಾನಾಗಿಯೂ ಬರೆಯಲಿಲ್ಲ.